ಕರ್ಮಯೋಗಿ ಶ್ರೀ ಸಿದ್ಧರಾಮೇಶ್ವರರು

ಶರಣ ಸಂತರ ಪಾದಸ್ಪರ್ಶದಿಂದ ಪಾವನವಾದ ನೆಲ ನಮ್ಮ ಸೊಲ್ಲಾಪುರ ಸೀಮೆ. ಪಂಢರಪುರದ ವಿಠ್ಠಲ, ಅಕ್ಕಲಕೋಟದ ಶ್ರೀ ಸ್ವಾಮಿ ಸಮರ್ಥರು, ಸೊಲ್ಲಾಪುರದ ಶ್ರೀ ಸಿದ್ಧರಾಮೇಶ್ವರರು ಈ ಸೀಮೆಯ ಭಕ್ತರ ಮನೆಮನೆಯ ದೈವಗಳು. ಅಕ್ಕಲಕೋಟ ತಾಲೂಕಿನ ಕನ್ನಡ ಹಳ್ಳಿಗಳಲ್ಲಿ ಸಿದ್ಧರಾಮ, ಸಿದ್ದಪ್ಪ, ಸಿದ್ದವ್ವ ಎಂದು ಮಕ್ಕಳಿಗೆ ಹೆಸರಿಡುವ ವಾಡಿಕೆ ಇಂದಿಗೂ ಉಂಟು. ಹೆಸರು ಎಲ್ಲರಿಗೂ ಗೊತ್ತು. ಆದರೆ ಆ ಮಹಾತ್ಮರು ಬಾಳಿದ ರೀತಿ, ಅವರು ಮಾಡಿದ ಕೆಲಸ, ಆ ಕೆಲಸದಲ್ಲಿ ಅವರಿಗೆ ಬಂದ ಪರೀಕ್ಷೆ ಎಳೆಯರಿಗೆ ತಿಳಿಯಬೇಕಾದ ಸಂಗತಿಗಳು.

ಕ್ರಿ.ಶ. 12ನೆಯ ಶತಮಾನದಲ್ಲಿ ಸೊಲ್ಲಾಪುರಕ್ಕೆ ಸೊನ್ನಲಿಗೆ ಎಂದು ಹೆಸರಿತ್ತು. ಅಲ್ಲಿ ಮುದ್ದುಗೌಡ ಮತ್ತು ಸುಗ್ಗವ್ವೆ ಎಂಬ ಒಕ್ಕಲುತನದ ದಂಪತಿಗಳಿದ್ದರು. ಶ್ರೀ ರೇವಣಸಿದ್ಧೇಶ್ವರರು ಆ ಊರಿಗೆ ಬಂದಾಗ, ಸುಗ್ಗವ್ವೆಯ ಉದರದಲ್ಲಿ ಶಿವಯೋಗಿಯೊಬ್ಬನು ಹುಟ್ಟುವನೆಂದೂ ಅವನಿಂದ ಸೊನ್ನಲಿಗೆಯು ಪುಣ್ಯಕ್ಷೇತ್ರವಾಗುವುದೆಂದೂ ಹರಸಿದರಂತೆ. ಅದರಂತೆ ಹುಟ್ಟಿದ ಕೂಸಿಗೆ ಮನೆದೇವರ ಹೆಸರಾದ ಧೂಳಿಮಾಕಾಳ ಎಂಬುದನ್ನೇ ಇಟ್ಟರು. ಮಗು ಬೆಳೆಯಿತು, ಆದರೆ ಮಾತಾಡಲಿಲ್ಲ. ಆಟವಿಲ್ಲ, ಹಟವಿಲ್ಲ. ಊರವರು ಇವನು ಮಂಕ ಎಂದರು. ತಂದೆತಾಯಿಗಳು ಒಳಗೊಳಗೇ ನೊಂದು, ದನ ಕಾಯಲಿ ಎಂದು ಹೊಲಕ್ಕೆ ಕಳಿಸಿದರು.

ಒಂದು ದಿನ ಹೊಲದಲ್ಲಿದ್ದ ಹುಡುಗನ ಮುಂದೆ ಜಂಗಮನೊಬ್ಬ ಬಂದು ನಿಂತನು. ತನ್ನ ಹೆಸರು ಮಲ್ಲಯ್ಯ, ಊರು ಶ್ರೀಶೈಲ ಎಂದು ಹೇಳಿಕೊಂಡು ತಿನ್ನಲು ಎಳೆ ತೆನೆ ಬೇಡಿದನು. ಹುಡುಗ ತೆನೆ ಮುರಿದು ಸುಟ್ಟು ಕೊಟ್ಟನು. ತಿಂದ ಮೇಲೆ ಜಂಗಮನು ಹೊಟ್ಟೆ ಉರಿಯುತ್ತದೆ, ಮಜ್ಜಿಗೆ ಅನ್ನ ಬೇಕು ಎಂದನು. ಹುಡುಗ ಮನೆಗೆ ಓಡಿ ತಾಯಿಯ ಹತ್ತಿರ ಮಜ್ಜಿಗೆ ಅನ್ನ ಕೇಳಿದನು. ಎಂದೂ ಬಾಯಿ ಬಿಡದ ಮಗ ಮಾತಾಡಿದ್ದನ್ನು ಕಂಡು ಸುಗ್ಗವ್ವೆಗೆ ಹಿಡಿಸಲಾರದ ಸಂತೋಷವಾಯಿತು. ಬುತ್ತಿ ಕಟ್ಟಿ ಕೊಟ್ಟಳು. ಆದರೆ ಹುಡುಗ ತಿರುಗಿ ಬರುವಷ್ಟರಲ್ಲಿ ಹೊಲದಲ್ಲಿ ಮಲ್ಲಯ್ಯನಿರಲಿಲ್ಲ.

ಹಸಿದವನಿಗೆ ಅನ್ನ ಮುಟ್ಟಿಸಲಿಲ್ಲವಲ್ಲ ಎಂಬ ಸಂಕಟ ಆ ಎಳೆಯ ಜೀವವನ್ನು ಹಿಡಿಯಿತು. ಮಲ್ಲಯ್ಯಾ ಎಂದು ಕೂಗುತ್ತ ಹೊಲ ಹೊಲ ತಿರುಗಿದನು. ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟ ಯಾತ್ರಿಕರು ಸಿಕ್ಕು, ಮಲ್ಲಯ್ಯನನ್ನು ತೋರಿಸುತ್ತೇವೆ ಬಾ ಎಂದು ಕರೆದುಕೊಂಡು ಹೋದರು. ಶ್ರೀಶೈಲದ ಗುಡಿಯಲ್ಲಿ ಲಿಂಗವನ್ನು ತೋರಿಸಿದರೆ, ನನ್ನ ಕೂಡ ಮಾತಾಡಿದ ಮಲ್ಲಯ್ಯ ಇವನಲ್ಲ ಎಂದು ಹುಡುಗ ಒಪ್ಪಲಿಲ್ಲ. ಗಿರಿಗಳಲ್ಲಿ ಅಲೆದು, ಎಲ್ಲಿಯೂ ಕಾಣದೆ, ಕಡೆಗೆ ರುದ್ರಗಮ್ಮರಿ ಎಂಬ ಕೊಳ್ಳದೊಳಗೆ ಹಾರಲು ಸಿದ್ಧನಾದನು. ಆಗ ಸಾಕ್ಷಾತ್ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿದನು. ಸೊನ್ನಲಿಗೆಗೆ ಮರಳಿ ಹೋಗು, ಅದನ್ನು ಎರಡನೆಯ ಶ್ರೀಶೈಲ ಮಾಡು ಎಂದು ಅಪ್ಪಣೆ ಕೊಟ್ಟನು. ಈ ಕಥೆಯನ್ನು 13ನೆಯ ಶತಮಾನದ ಮಹಾಕವಿ ರಾಘವಾಂಕನು ತನ್ನ ಸಿದ್ಧರಾಮ ಚಾರಿತ್ರದಲ್ಲಿ ವಿಸ್ತಾರವಾಗಿ ಹಾಡಿದ್ದಾನೆ.

ಮಂಕ ಎನಿಸಿಕೊಂಡ ಹುಡುಗ ಶಿವಯೋಗಿ ಸಿದ್ಧರಾಮನಾಗಿ ಊರಿಗೆ ಬಂದನು. ಅಲ್ಲಿಂದ ಮುಂದೆ ಅವರು ಗವಿ ಸೇರಿ ಕಣ್ಣು ಮುಚ್ಚಿ ಕೂಡಲಿಲ್ಲ. ಗುಡಿ ಕಟ್ಟಿಸಿದರು. ಸೊನ್ನಲಿಗೆಯ ಪಂಚಕ್ರೋಶದಲ್ಲಿ 68 ಲಿಂಗಗಳನ್ನು ಸ್ಥಾಪಿಸಿದರು. ಅವುಗಳ ಜೊತೆಗೆ ಎಂಟು ದಿಕ್ಕಿಗೆ ಅಷ್ಟವಿನಾಯಕ, ಅಷ್ಟಭೈರವರನ್ನೂ ನಿಲ್ಲಿಸಿದರೆಂದು ಪ್ರತೀತಿ. ಅರಸಿ ಚಾಮಲಾದೇವಿಯು ಈ ಕಾರ್ಯಕ್ಕೆ ಭೂಮಿ ಕೊಟ್ಟಳೆಂದು ಹೇಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಕೆಲಸ ಕೆರೆಯದು. ಮಳೆ ಕಡಿಮೆ ಬೀಳುವ ಈ ಬಯಲುಸೀಮೆಯಲ್ಲಿ ನೀರೇ ಜೀವ. ಸಾವಿರಾರು ಜನರ ಜೊತೆಗೂಡಿ ಸಿದ್ಧರಾಮರು ಕೆರೆ ಅಗೆಸಿದರು. ಅಲ್ಲಿ ಮಣ್ಣು ಹೊರುವುದೇ ಪೂಜೆಯಾಗಿತ್ತು. 1972ರ ಬರಗಾಲದಲ್ಲಿ ಇದೇ ಜಿಲ್ಲೆಯಲ್ಲಿ ಕೆರೆ ಕೆಲಸಕ್ಕೆ, ಖಡಿ ಒಡೆಯುವುದಕ್ಕೆ ಹೋಗಿ ಹೊಟ್ಟೆ ಹೊರೆದ ಹಿರಿಯರಿಗೆ ಒಂದು ಬುಟ್ಟಿ ಮಣ್ಣಿನ ಭಾರ ಎಷ್ಟೆಂಬುದು ಗೊತ್ತು.

ಇಷ್ಟು ಪುಣ್ಯಕಾರ್ಯ ಮಾಡಿದವರಿಗೂ ಒಂದು ಪರೀಕ್ಷೆ ಕಾದಿತ್ತು. ಕೆರೆಯ ಕೆಲಸ ನಡೆದಾಗ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ನಿಮ್ಮ ಒಡ್ಡರಾಮ ಎಲ್ಲಿದ್ದಾನೆ ಎಂದು ಕೆಲಸದವರನ್ನು ಕೇಳಿದರು. ತಮ್ಮ ಗುರುವನ್ನು ಹೀಗೆ ಕರೆದದ್ದು ಕೇಳಿ ಜನರು ಸಿಟ್ಟಿಗೆದ್ದು ಕಲ್ಲು ತೂರಿದರು. ಕಲ್ಲುಗಳು ಸುತ್ತಲೂ ಗುಡ್ಡವಾಗಿ ಬಿದ್ದವೇ ಹೊರತು ಪ್ರಭುವಿನ ಮೈಗೆ ಒಂದೂ ತಾಗಲಿಲ್ಲ. ಸುದ್ದಿ ತಿಳಿದು ಸಿದ್ಧರಾಮರೇ ಕೋಪದಿಂದ ಬಂದು ಹಣೆಗಣ್ಣು ತೆರೆದರು. ಆ ಬೆಂಕಿಯೂ ಪ್ರಭುವಿನ ಪಾದದ ಬಳಿಯಲ್ಲಿ ಆರಿಹೋಯಿತು.

ಆಗ ಪ್ರಭುದೇವರು ತಿಳಿಸಿಕೊಟ್ಟದ್ದು ಇಷ್ಟೇ. ಹೊರಗಿನ ಮಣ್ಣನ್ನು ಎಷ್ಟು ಅಗೆದರೂ ಒಳಗೆ ನಾನು ಮಾಡಿದೆ ಎಂಬ ಗಡ್ಡೆ ಉಳಿದರೆ ಫಲವಿಲ್ಲ. ಗುಡಿ ಕಟ್ಟಿದ ಹೆಮ್ಮೆಯು ಗುಡಿಯ ದೇವರನ್ನೇ ಮರೆಸುತ್ತದೆ. ಊರೆಲ್ಲ ಕಾಲಿಗೆ ಬೀಳುವಂಥ ದೊಡ್ಡ ಮನುಷ್ಯನಿಗೆ, ಅವನ ಕೆಲಸದವರೆಲ್ಲರ ಎದುರಿಗೆ ಇಂಥ ಮಾತು ಕೇಳುವುದು ಸುಲಭವಲ್ಲ. ಸಿದ್ಧರಾಮರು ಕೇಳಿದರು, ತಲೆಬಾಗಿದರು. ಅವರ ದೊಡ್ಡತನ ಇಲ್ಲಿದೆ.

ಪ್ರಭುದೇವರ ಜೊತೆಗೆ ಅವರು ಬಸವಕಲ್ಯಾಣಕ್ಕೆ ಹೋದರು. ಬಸವಣ್ಣನವರ ಮಹಾಮನೆಯನ್ನು, ಅಲ್ಲಿ ಕಾಯಕ ಮಾಡಿ ಉಣ್ಣುವ ಶರಣರನ್ನು ಕಂಡರು. 68 ಲಿಂಗಗಳನ್ನು ಸ್ಥಾಪಿಸಿದ ಮಹಾನುಭಾವರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಚನ್ನಬಸವಣ್ಣನವರಿಂದ ಅವರು ದೀಕ್ಷೆ ಪಡೆದರು. ಅಲ್ಲಮಪ್ರಭು, ಚನ್ನಬಸವಣ್ಣನವರ ತರುವಾಯ ಶೂನ್ಯಪೀಠವನ್ನು ಏರಿದವರು ಇವರೇ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ರಚಿಸಿದ ಸಾವಿರಕ್ಕೂ ಹೆಚ್ಚು ವಚನಗಳು ಸಿಕ್ಕಿವೆ. ಬಸವಸ್ತೋತ್ರ ತ್ರಿವಿಧಿ ಮೊದಲಾದ ತ್ರಿಪದಿ ಕೃತಿಗಳೂ ಇವೆ. 1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿದ ಮೇಲೆ ಸಿದ್ಧರಾಮರು ಸೊನ್ನಲಿಗೆಗೆ ಮರಳಿ ಅಲ್ಲಿಯೇ ಸಮಾಧಿಸ್ಥರಾದರು. ಕೆರೆಯ ನೀರಿನ ನಡುವೆ ಇರುವ ಶ್ರೀ ಸಿದ್ಧೇಶ್ವರ ದೇವಾಲಯದಲ್ಲಿ ಆ ಸಮಾಧಿಗೆ ನಿತ್ಯ ಪೂಜೆ ನಡೆಯುತ್ತದೆ.

ಸೊಲ್ಲಾಪುರದ ಸಂಕ್ರಾಂತಿ ಜಾತ್ರೆಯ ಹಿಂದೆಯೂ ಅವರ ಬಾಳಿನ ಒಂದು ಕಥೆಯಿದೆ. ಕುಂಬಾರ ಮನೆತನದ ಕನ್ಯೆಯೊಬ್ಬಳು ದಿನವೂ ಅವರ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದಳು. ಅವರನ್ನೇ ಮದುವೆಯಾಗಬೇಕೆಂದು ಮನಸ್ಸಿನಲ್ಲಿಟ್ಟಿದ್ದಳು. ತಾನು ಮಲ್ಲಿಕಾರ್ಜುನನಿಗೆ ಸಂದವನು, ಸಂಸಾರ ಮಾಡಲಾರೆ ಎಂದು ಸಿದ್ಧರಾಮರು ತಿಳಿಹೇಳಿದರು. ಆದರೆ ಆ ಹೆಣ್ಣುಮಗಳ ಭಕ್ತಿಯನ್ನು ತಳ್ಳಿಹಾಕಲಿಲ್ಲ. ತಮ್ಮ ಯೋಗದಂಡದೊಡನೆ ಲಗ್ನವಾಗಲು ಒಪ್ಪಿಗೆ ಕೊಟ್ಟರು. ಲಗ್ನದ ಬಳಿಕ ಆಕೆ ಅಗ್ನಿಗೆ ತನ್ನನ್ನು ಅರ್ಪಿಸಿಕೊಂಡಳು.

ಈ ಲಗ್ನವೇ ಗಡ್ಡಾ ಯಾತ್ರೆಯ ಮೂಲ. ಏಳು ನಂದಿಧ್ವಜಗಳು ಯೋಗದಂಡದ ಪ್ರತೀಕ. ಮೊದಲ ದಿನ ಅವು ಊರು ಸುತ್ತಿ 68 ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ ಬೀಳುತ್ತದೆ. ಅದರ ಮರುದಿನ ಹೋಮ ಮೈದಾನದಲ್ಲಿ ಹೋಮ, ಆಮೇಲೆ ಮದ್ದು ಸುಡುವುದು, ಕಡೆಗೆ ನಂದಿಧ್ವಜದ ವಸ್ತ್ರ ತೆಗೆಯುವ ಕಪ್ಪಡಕಳ್ಳಿ. ಪೂಜೆಯ ಮಾನ ಹಿರೇಹಬ್ಬು ಮನೆತನದ್ದು. ನಂದಿಧ್ವಜ ಹೊರುವ ಮಾನ ಬೇರೆ ಬೇರೆ ಸಮಾಜಗಳಿಗೆ ಹಂಚಿದೆ. ಬಿಳಿ ಬಾರಾಬಂದಿ ತೊಟ್ಟ ಭಕ್ತರು ಆ ಎತ್ತರದ ಕೋಲುಗಳನ್ನು ಸೊಂಟದ ಬಲದಿಂದ ಹೊತ್ತು ನಡೆಯುವಾಗ ಯಾರು ಯಾವ ಕುಲ ಎಂದು ಕೇಳುವವರಿಲ್ಲ. ಸೊಲ್ಲಾಪುರ ಇಂದು ಮರಾಠಿ ರಾಜ್ಯದ ಪಟ್ಟಣ. ಆದರೂ ಲಗ್ನದ ಸಮ್ಮತಿ ವಾಚನ ಕನ್ನಡದಲ್ಲಿಯೇ ಆಗುತ್ತದೆ, ಮರಾಠಿ ಮಾತಾಡುವ ಭಕ್ತರೂ ಅದನ್ನು ಕೈಮುಗಿದು ಕೇಳುತ್ತಾರೆ. ಸೊಲ್ಲಾಪುರದವರೇ ಆದ ಡಾ. ಜಯದೇವಿತಾಯಿ ಲಿಗಾಡೆಯವರು, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆ, ಸಿದ್ಧರಾಮೇಶ್ವರರ ಪುರಾಣವನ್ನು ಕನ್ನಡ ತ್ರಿಪದಿಯಲ್ಲಿ ಬರೆದರು. ಮುಂಬೈಗೆ ಹೋಗುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ರೈಲಿಗೂ ಅವರದೇ ಹೆಸರು.

ಜಾತ್ರೆ ಬಂತೆಂದರೆ ಪ್ರತಿ ಊರಿನಲ್ಲಿ ಪಟ್ಟಿ ಎತ್ತುತ್ತಾರೆ, ಗುಡಿಗೆ ಸುಣ್ಣ ಬಳಿಯುತ್ತಾರೆ, ದಾಸೋಹಕ್ಕೆ ಧಾನ್ಯ ಕೂಡಿಸುತ್ತಾರೆ. ಇವೆಲ್ಲ ಒಳ್ಳೆಯ ಕೆಲಸ. ಆದರೆ ಯಾರ ಹೆಸರು ಮೇಲೆ, ಯಾರ ಹೆಸರು ಕೆಳಗೆ, ಯಾರಿಗೆ ಮೊದಲು ಟೆಂಗಿನಕಾಯಿ ಎಂಬುದರಿಂದ ಹುಟ್ಟಿದ ಜಗಳಕ್ಕೆ ತೇರು ನಿಂತ ಊರುಗಳೂ ಇವೆ. ಅಂಥ ಹೊತ್ತಿನಲ್ಲಿ ಸಿದ್ಧರಾಮೇಶ್ವರರನ್ನು ನೆನೆಯಬೇಕು. ಕೆರೆ ಕಟ್ಟಿದ ಕೈಗಳನ್ನೇ ಜೋಡಿಸಿ ಅವರು ಪ್ರಭುವಿನ ಮುಂದೆ ನಿಂತರು. ಹೆಮ್ಮೆ ಹೋಯಿತು, ಕೆರೆ ಉಳಿಯಿತು. ಎಂಟು ನೂರು ವರ್ಷಗಳ ಮೇಲೆಯೂ ಅದು ಭಕ್ತರ ಕಣ್ಣ ಮುಂದಿದೆ.

ಸಕಲ ಸದ್ಭಕ್ತರು ತನು ಮನ ಧನದಿಂದ ಸೇವೆ ಸಲ್ಲಿಸಿ, ಮಾಡಿದೆನೆಂಬುದನ್ನು ಮರೆತು, ಶ್ರೀ ಸಿದ್ಧರಾಮೇಶ್ವರರ ಕೃಪೆಗೆ ಪಾತ್ರರಾಗಲಿ. ಮಳೆ ಬೆಳೆ ಚೆನ್ನಾಗಿ ಆಗಲಿ, ಊರು ಒಂದಾಗಿರಲಿ.