ಆಂಡ್ರೂ ಫುಲ್ಲರ್ ಅಯ್ಯನವರ ಚರಿತ್ರೆ

ವಿಲ್ಯಮ್ ಕೇರಿ ಎಂಬ ಹೆಸರನ್ನು ಕೇಳದ ಕ್ರೈಸ್ತ ವಾಚಕರು ಅಪರೂಪ. ಆದರೆ ಅವರನ್ನು ಹಿಂದೂದೇಶಕ್ಕೆ ಕಳುಹಿಸಿ, ತಾವು ಸಾಯುವ ತನಕ ಅವರ ಕೈಗಳನ್ನು ಬಲಪಡಿಸಿದ ಆಂಡ್ರೂ ಫುಲ್ಲರ್ ಅಯ್ಯನವರ ಹೆಸರು ನಮ್ಮ ಗ್ರಾಮಸಭೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ. ಇವರು ಬ್ಯಾಪ್ಟಿಸ್ಟ್ ಸಭೆಯ ವೇದಪಂಡಿತರು. ತನ್ನ ನಂಬಿಕೆಯನ್ನು ತಾನೇ ಬಾಯಿಂದ ಅರಿಕೆಮಾಡಿದವನಿಗೆ ಮಾತ್ರ ನೀರಿನಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಡುವುದು ಆ ಸಭೆಯವರ ಪದ್ಧತಿ. ನಮ್ಮ ಸೀಮೆಯ ಹೆಚ್ಚಿನ ಸಭೆಗಳ ವಾಡಿಕೆ ಬೇರೆಯಾದರೂ, ಇವರ ಚರಿತ್ರೆಯಲ್ಲಿ ಕನ್ನಡಿಗರಿಗೂ ಪಾಲುಂಟೆಂಬುದನ್ನು ವಾಚಕರು ಮುಂದೆ ಕಾಣುವರು.

ಫುಲ್ಲರರು 1754ನೆಯ ಇಸವಿ ಫೆಬ್ರವರಿ 6ರಂದು ಇಂಗ್ಲೆಂಡಿನ ಕೇಂಬ್ರಿಜ್ ಸೀಮೆಯ ವಿಕೆನ್ ಎಂಬ ಹಳ್ಳಿಯಲ್ಲಿ ಒಕ್ಕಲಿಗನ ಮಗನಾಗಿ ಹುಟ್ಟಿದರು. ಅವರ ಬಾಲ್ಯದಲ್ಲೇ ಕುಟುಂಬವು ಸೋಹಮ್ ಎಂಬ ಊರಿಗೆ ಬಂದು ನೆಲಸಿತು. ದೇಹದಲ್ಲಿ ಬಲಿಷ್ಠನಾದ ಈ ಹುಡುಗನಿಗೆ ಹೊಲದ ಕೆಲಸ ಎಷ್ಟು ಗೊತ್ತಿತ್ತೋ ಕುಸ್ತಿಯೂ ಅಷ್ಟೇ ಗೊತ್ತಿತ್ತು. ದೊಡ್ಡ ಪಾಠಶಾಲೆಯ ಮೆಟ್ಟಲನ್ನು ಇವರು ಹತ್ತಿದವರಲ್ಲ. ಹದಿನೈದನೆಯ ವಯಸ್ಸಿನಲ್ಲಿ ಪಾಪದ ಭಾರದಿಂದ ಬಹಳ ಕಳವಳಪಟ್ಟು, 1769ರ ನವೆಂಬರಿನಲ್ಲಿ ಕ್ರಿಸ್ತನಲ್ಲಿ ಸಮಾಧಾನ ಹೊಂದಿ, ಮರುವರ್ಷ ದೀಕ್ಷಾಸ್ನಾನ ಪಡೆದರು.

ಆಗ ಸೋಹಮ್ ಸಭೆಯಲ್ಲಿ ಒಂದು ಜಗಳ ಎದ್ದಿತು. ಸಭೆಯವನೊಬ್ಬನು ಕುಡಿದು ಬಿದ್ದನು. ಗದರಿಸಿದಾಗ, ತನ್ನನ್ನು ತಡೆದುಕೊಳ್ಳುವ ಶಕ್ತಿ ತನ್ನಲ್ಲಿಲ್ಲವೆಂದು ಅವನು ನೆವ ಹೇಳಿದನು. ಸಭಾಪಾಲಕರಾದ ಜಾನ್ ಈವ್ ಎಂಬವರು, ಕುಡಿಯದೆ ಇರುವುದು ಅವನ ಕೈಯಲ್ಲೇ ಇತ್ತೆಂದು ಹೇಳಿದರು. ದೇವರ ಕೃಪೆಯಿಲ್ಲದೆ ಮನುಷ್ಯನು ಏನನ್ನಾದರೂ ಮಾಡಬಲ್ಲನೋ ಎಂಬ ಪ್ರಶ್ನೆಯ ಮೇಲೆ ಸಭೆಯು ಎರಡು ಪಾಲಾಯಿತು. ಕಡೆಗೆ 1771ರಲ್ಲಿ ಪಾಲಕರು ಕೆಲಸ ಬಿಟ್ಟು ಹೊರಟುಹೋದರು. ಒಬ್ಬ ಕುಡುಕನ ನೆವದಿಂದ ಒಂದು ಸಭೆ ಒಡೆಯಿತೆಂದರೆ ನಮ್ಮ ಹಳ್ಳಿಗಳಲ್ಲಿ ಯಾರೂ ಆಶ್ಚರ್ಯಪಡುವುದಿಲ್ಲವಷ್ಟೆ. ಆದರೆ ಹದಿನೇಳು ವರ್ಷದ ಫುಲ್ಲರರು ಆ ಪ್ರಶ್ನೆಯನ್ನು ಮರೆಯಲಿಲ್ಲ. ಮುಂದೆ ಅವರು ಬರೆದ ಮುಖ್ಯ ಗ್ರಂಥದ ಬೀಜ ಅಲ್ಲಿಯೇ ಬಿದ್ದಿತು.

ಪಾಲಕರಿಲ್ಲದ ಆ ಸಭೆಯಲ್ಲಿ ಇವರೇ ಪ್ರಸಂಗ ಮಾಡತೊಡಗಿ, 1775ರಲ್ಲಿ ಅಭಿಷೇಕ ಹೊಂದಿದರು. ಸಂಬಳ ವರ್ಷಕ್ಕೆ 13 ಪೌಂಡನ್ನು ಮೀರುತ್ತಿರಲಿಲ್ಲ. ಸಂಸಾರ ಬೆಳೆದಂತೆ ಒಂದು ಅಂಗಡಿಯನ್ನೂ ಬಳಿಕ ಒಂದು ಶಾಲೆಯನ್ನೂ ಇಟ್ಟುನೋಡಿದರು, ಎರಡೂ ಕೈಗೂಡಲಿಲ್ಲ. ನಾರ್ಥಾಂಪ್ಟನ್ ಸೀಮೆಯ ಕೆಟರಿಂಗ್ ಸಭೆಯವರು ಕರೆದಾಗಲೂ ಬಡ ಸಭೆಯನ್ನು ಬಿಡಲಾರದೆ ಬಹುಕಾಲ ತೊಳಲಾಡಿ, 1782ರಲ್ಲಿ ಅಲ್ಲಿಗೆ ಹೋದರು. ಸಾಯುವ ವರೆಗೂ ಕೆಟರಿಂಗೇ ಅವರ ಊರಾಯಿತು.

ಆ ಕಾಲದ ಬ್ಯಾಪ್ಟಿಸ್ಟ್ ಬೋಧಕರಲ್ಲಿ ಅನೇಕರು ಜಾನ್ ಗಿಲ್ಲರಂಥ ಮಹಾಪಂಡಿತರನ್ನು ಅನುಸರಿಸುತ್ತಿದ್ದರು. ದೇವರು ಆರಿಸಿಕೊಂಡವರು ಮಾತ್ರ ನಂಬಬಲ್ಲರು. ಮಿಕ್ಕವರಿಗೆ ನಂಬುವ ಶಕ್ತಿಯೇ ಇಲ್ಲ. ಶಕ್ತಿಯಿಲ್ಲದವರನ್ನು ನಂಬಿರೆಂದು ಕರೆಯುವುದು ಯುಕ್ತವಲ್ಲವೆಂಬುದು ಅವರ ಎಣಿಕೆ. ಆದಕಾರಣ ಪೀಠದಿಂದ ಪಾಪಿಗಳನ್ನು ನೇರವಾಗಿ ಕರೆಯುವುದೇ ನಿಂತುಹೋಗಿತ್ತು. ಫುಲ್ಲರರು ವೇದವನ್ನು ತಿರುಗಿ ತಿರುಗಿ ಓದಿ, ಅಮೇರಿಕದ ಜೊನಾಥನ್ ಎಡ್ವರ್ಡ್ಸರ ಗ್ರಂಥದಿಂದಲೂ ಬೆಳಕು ಪಡೆದು, 1785ರಲ್ಲಿ ಒಂದು ಪುಸ್ತಕವನ್ನು ಅಚ್ಚುಹಾಕಿಸಿದರು. ಸುವಾರ್ತೆಯು ಸಕಲರ ಅಂಗೀಕಾರಕ್ಕೂ ಯೋಗ್ಯವಾದದ್ದೆಂಬುದು ಅದರ ಹೆಸರಿನ ಭಾವ.

ಅದರ ತಾತ್ಪರ್ಯವನ್ನು ನಾವು ನಮ್ಮ ಊರಿನ ರೀತಿಯಲ್ಲಿ ಹೇಳುತ್ತೇವೆ. ತಂದೆಯು ಮಕ್ಕಳನ್ನು ಊಟಕ್ಕೆ ಕರೆಯುತ್ತಾನೆ. ಒಬ್ಬ ಮಗನು ಕಾಲಿಲ್ಲದವನು. ಎದ್ದು ಬಾರದಿದ್ದರೆ ಅವನಲ್ಲಿ ತಪ್ಪಿಲ್ಲ. ಇನ್ನೊಬ್ಬನಿಗೆ ಕಾಲು ಗಟ್ಟಿಯಾಗಿವೆ. ಆದರೆ ತಂದೆಯ ಮೇಲಣ ಹಗೆಯಿಂದ ಕಣದಲ್ಲೇ ಕುಳಿತಿದ್ದಾನೆ. ಆ ಹಗೆ ಇರುವ ತನಕ ಅವನೂ ಬರಲಾರನು. ಆದರೂ ಬಾರದ ದೋಷ ಅವನದೇ. ಪಾಪಿಯ ಅಶಕ್ತಿಯು ಈ ಎರಡನೆಯ ತರದ್ದು, ಕಾಲಿನದಲ್ಲ, ಮನಸ್ಸಿನದು ಎಂದು ಫುಲ್ಲರರು ತೋರಿಸಿಕೊಟ್ಟರು. ಮನಸ್ಸನ್ನು ತಿರುಗಿಸುವವನು ದೇವರೇ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ. ಆದರೆ ಕೇಳಿದವನೆಲ್ಲಾ ನಂಬತಕ್ಕವನು, ಬೋಧಕನು ಎಲ್ಲರನ್ನೂ ಕರೆಯತಕ್ಕವನು ಎಂದು ಖಂಡಿತವಾಗಿ ಬರೆದರು. ಸೋಹಮಿನ ಕುಡುಕನಿಗೆ ಹದಿನಾಲ್ಕು ವರ್ಷಗಳ ಮೇಲೆ ಸಿಕ್ಕಿದ ಉತ್ತರವಿದು. ಆ ನೆವವನ್ನು ಈಗಲೂ ಹೇಳುವವರು ನಮ್ಮಲ್ಲಿ ಇಲ್ಲದಿಲ್ಲ.

ಎರಡು ಕಡೆಯಿಂದಲೂ ಏಟು ಬಿದ್ದಿತು. ಒಂದು ಪಕ್ಷದವರು ಇವರು ಕೃಪೆಯನ್ನು ಮಾರಿಬಿಟ್ಟರೆಂದರು; ಡ್ಯಾನ್ ಟೇಲರ್ ಮೊದಲಾದವರು ಇವರು ಸಾಲದಷ್ಟು ಮುಂದೆ ಹೋದರೆಂದರು. ದೇವರ ಆಯ್ಕೆಯ ವಿಷಯದಲ್ಲಿ, ಮೈಸೂರು ಸೀಮೆಗೆ ಸುವಾರ್ತೆ ತಂದ ವೆಸ್ಲಿಯನರು ಸಹ ಇವರನ್ನು ಪೂರ್ಣವಾಗಿ ಒಪ್ಪುತ್ತಿರಲಿಲ್ಲ. ಕ್ರಿಸ್ತನು ಬರೀ ಮನುಷ್ಯನೆಂದವರಿಗೆ ವಿರೋಧವಾಗಿ 1793ರಲ್ಲಿಯೂ, ವೇದವನ್ನು ಹಳಿದ ಟಾಮಸ್ ಪೇನ್ ಮುಂತಾದವರಿಗೆ ಉತ್ತರವಾಗಿ 1799ರಲ್ಲಿಯೂ ಇವರು ಗ್ರಂಥಗಳನ್ನು ಬರೆದರು. 1810ರ ಗ್ರಂಥವು, ಬುದ್ಧಿಯಿಂದ ಒಪ್ಪಿಕೊಂಡರೆ ಅದೇ ನಂಬಿಕೆ ಎಂಬ ಬೋಧನೆಗೆ ವಿರೋಧವಾದದ್ದು. ಹೃದಯವೂ ಬಾಗಬೇಕೆಂಬುದು ಇವರ ಬೋಧೆ. ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ ಸ್ನಾನ ಕೊಡಿಸುವ ಉಪದೇಶಿಗಳು ಈ ಮಾತನ್ನು ಗಮನಿಸಿದರೆ ಒಳ್ಳೇದು. ಅಮೇರಿಕದ ಎರಡು ಕಾಲೇಜುಗಳು ಇವರಿಗೆ ಪಂಡಿತ ಬಿರುದು ಕೊಟ್ಟವು. ಇವರು ಅದನ್ನು ಹೆಸರಿಗೆ ಸೇರಿಸಿಕೊಳ್ಳಲಿಲ್ಲ.

ಎಲ್ಲರೂ ನಂಬತಕ್ಕವರಾದರೆ ಎಲ್ಲರಿಗೂ ತಿಳಿಸುವವರು ಬೇಕಲ್ಲವೇ? ಈ ಪ್ರಶ್ನೆಯನ್ನು ಎತ್ತಿ ಹಿಡಿದವರೇ ಕೇರಿಯವರು. 1792ರ ಅಕ್ಟೋಬರ್ 2ರಂದು ಕೆಟರಿಂಗಿನಲ್ಲಿ ಒಬ್ಬ ವಿಧವೆಯ ಮನೆಯಲ್ಲಿ ಕೆಲವರು ಕೂಡಿ ಬ್ಯಾಪ್ಟಿಸ್ಟ್ ಮಿಶನ್ ಸಂಘವನ್ನು ಸ್ಥಾಪಿಸಿದರು. ಆ ದಿನ ಸೇರಿದ ವಾಗ್ದತ್ತ ಹಣ 13 ಪೌಂಡು 2 ಷಿಲ್ಲಿಂಗು 6 ಪೆನ್ಸು. ಹೆಚ್ಚುಕಡಿಮೆ ಸೋಹಮಿನ ಒಂದು ವರ್ಷದ ಸಂಬಳ! ಫುಲ್ಲರರೇ ಕಾರ್ಯದರ್ಶಿಗಳಾದರು. ಅವರ ಪತ್ನಿ ಸಾರಾ ಎಂಬಾಕೆ ಬುದ್ಧಿಭ್ರಮಣೆಯಿಂದ ಕಷ್ಟಪಟ್ಟು ತೀರಿಹೋಗಿ ಆಗ ಆರು ವಾರವೂ ತುಂಬಿರಲಿಲ್ಲ. ಆಕೆ ಹೆತ್ತ ಹನ್ನೊಂದು ಮಕ್ಕಳಲ್ಲಿ ಎಂಟು ಮಕ್ಕಳು ಎಳೆಯ ಪ್ರಾಯದಲ್ಲೇ ಮಣ್ಣು ಸೇರಿದವು.

ಈ ಕಾರ್ಯವನ್ನು ಅವರು ಆಳವಾದ ಗಣಿಗೆ ಹೋಲಿಸಿದರೆಂದು ಹೇಳುವರು. ಕೇರಿಯವರು ಒಳಗೆ ಇಳಿಯುವರು. ಮೇಲಿರುವವರು ಹಗ್ಗ ಹಿಡಿಯಬೇಕು. ಹಿರೇಗುಂಟನೂರಿನ ಕಡೆ ಬಾವಿ ತೋಡುವಾಗ ಹಗ್ಗ ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಹಗ್ಗವನ್ನು ಹಿಡಿದು ಅವರು ಐದು ಸಾರಿ ಸ್ಕಾಟ್‌ಲೆಂಡಿಗೆ ಹೋಗಿ ಹಣ ಕೂಡಿಸಿದರು. 1806ರಲ್ಲಿ, ಟಿಪ್ಪು ಸುಲ್ತಾನನ ಮಕ್ಕಳು ವಾಸವಾಗಿದ್ದ ವೇಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದಾಗ, ಪಾದ್ರಿಗಳ ಬೋಧನೆಯೇ ಇದಕ್ಕೆ ಕಾರಣವೆಂದು ಇಂಗ್ಲೆಂಡಿನಲ್ಲಿ ಕೆಲವರು ಕೂಗಿದರು. ರುಮಾಲು, ಗಡ್ಡ, ಜಾತಿಯ ಗುರುತುಗಳ ವಿಷಯವಾಗಿ ಸೈನ್ಯದ ಅಧಿಕಾರಿಗಳು ಹೊರಡಿಸಿದ ಆಜ್ಞೆಗಳು ಸಿಪಾಯಿಗಳನ್ನು ಕೆರಳಿಸಿದ್ದವು. ಫುಲ್ಲರರು 1808ರಲ್ಲಿ ಮಿಶನರಿಗಳ ಪರವಾಗಿ ಪ್ರತಿವಾದ ಬರೆದು ಅಪವಾದವನ್ನು ನಿರಾಕರಿಸಿದರು.

ಲೋಕಕ್ಕೆಲ್ಲಾ ಮಾನಸಾಂತರವನ್ನು ಬರೆದು ಸಾರಿದ ಇವರ ಹಿರಿಯ ಮಗ ರಾಬರ್ಟನು ಮನೆಬಿಟ್ಟು ಸೈನ್ಯಕ್ಕೆ ಸೇರಿದನು. ಅಲ್ಲಿಂದಲೂ ಓಡಿಹೋಗಿ, ಕಡೆಗೆ ಹಡಗಿನ ಸೈನಿಕನಾಗಿ, 1809ರಲ್ಲಿ ಲಿಸ್ಬನ್ ಪಟ್ಟಣದ ಬಳಿ ಸಮುದ್ರದಲ್ಲಿ ಸತ್ತನು. ತಂದೆಯು ಅವನನ್ನು ಕರೆಯುವುದನ್ನು ಒಮ್ಮೆಯೂ ನಿಲ್ಲಿಸಿರಲಿಲ್ಲ. ಕಡೆಯ ದಿನಗಳಲ್ಲಿ ಅವನು ಮನೆಗೆ ಬರೆದ ಕಾಗದಗಳಿಂದ ತಂದೆಗೆ ಸ್ವಲ್ಪ ನಿರೀಕ್ಷೆ ಉಂಟಾಯಿತು.

ಇನ್ನು ಕನ್ನಡದ ಮಾತು. ಬಂಗಾಳದ ಶ್ರೀರಾಮಪುರದಲ್ಲಿ (ಹೊಸದುರ್ಗ ತಾಲೂಕಿನ ಶ್ರೀರಾಂಪುರವೆಂದು ಯಾರೂ ಭ್ರಮಿಸಬಾರದು) ಕೇರಿಯವರು ಬೇರೆ ಭಾಷೆಗಳೊಂದಿಗೆ ಕನ್ನಡದಲ್ಲಿಯೂ ಹೊಸ ಒಡಂಬಡಿಕೆಯನ್ನು ಸಿದ್ಧಮಾಡಿಸುತ್ತಿದ್ದರು. 1812ರ ಮಾರ್ಚಿ 11ರ ಸಾಯಂಕಾಲ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕನ್ನಡ ಹೊಸ ಒಡಂಬಡಿಕೆಯ ಬರಹವೆಲ್ಲವೂ ಬೂದಿಯಾಯಿತು. ಸುದ್ದಿ ಇಂಗ್ಲೆಂಡಿಗೆ ಮುಟ್ಟಿದೊಡನೆ ಫುಲ್ಲರರೂ ಜೊತೆಗಾರರೂ ಹೊರಟು, ಸುಮಾರು ಎರಡು ತಿಂಗಳಲ್ಲಿ ಹತ್ತು ಸಾವಿರ ಪೌಂಡಿನಷ್ಟು ಹಣ ಕೂಡಿಸಿದರು. ಹಣ ಬಂದದ್ದಕ್ಕಿಂತ ಹೆಚ್ಚಾಗಿ ಜನರ ಹೊಗಳಿಕೆಗೆ ಅವರು ಹೆದರಿದರು; ಆ ಧೂಪದ ವಾಸನೆಯನ್ನು ನಾವು ಸೇವಿಸಿದರೆ ದೇವರು ಆಶೀರ್ವಾದವನ್ನು ತಡೆಹಿಡಿದಾನೆಂದು ಶ್ರೀರಾಮಪುರದವರಿಗೆ ಬರೆದು ಎಚ್ಚರಿಸಿದರು.

ದಿನಕ್ಕೆ ಹನ್ನೆರಡು ತಾಸು ಮೇಜಿನ ಮುಂದೆ ಕುಳಿತು ಸವೆದ ದೇಹವು 1815ರ ಮೇ 7ರಂದು, ಭಾನುವಾರ, ಕೆಟರಿಂಗಿನಲ್ಲಿ ವಿಶ್ರಾಂತಿಗೆ ಸೇರಿತು. ವಯಸ್ಸು 61. ಎರಡು ವರ್ಷಗಳಾದ ಮೇಲೆ, 1817ರಲ್ಲಿ, ಆ ಬೆಂಕಿಯಿಂದ ಎದ್ದ ಶ್ರೀರಾಮಪುರದ ಅಚ್ಚುಕೂಟದಿಂದ ಕೇರಿಯವರ ಕರ್ಣಾಟಕ ಭಾಷೆಯ ವ್ಯಾಕರಣವು ಹೊರಬಿದ್ದಿತು.