ಗುಬ್ಬಿ ವೀರಣ್ಣ: ಅರ್ಧ ಶತಮಾನದ ಯಜಮಾನಿಕೆ, ಗರಡಿ ತುಂಬ ಶಿಷ್ಯರು

ಗುಬ್ಬಿ: ಕಾಲೇಜ್ ಫುಟ್‌ಬಾಲ್ ಟೀಮಿನ ಕೋಚ್ ಎಂಥವರು ಅಂತ ತಿಳಿಯಲು ಜನ ಅವರ ರೆಕಾರ್ಡ್ ನೋಡ್ತಾರೆ. ಎಷ್ಟು ವರ್ಷ ನಡೆಸಿದರು, ಎಷ್ಟು ಗೆದ್ದರು, ಎಷ್ಟು ಸೋತರು, ಯಾರನ್ನು ತಯಾರು ಮಾಡಿದರು. ನಾಟಕ ಕಂಪನಿಗೂ ಇದೇ ಲೆಕ್ಕ ಹಾಕಿದರೆ ನಮ್ಮ ಗುಬ್ಬಿ ವೀರಣ್ಣನವರ ಹತ್ತಿರ ಬರುವವರು ಕಡಿಮೆ.

1891ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ವೀರಣ್ಣ ಆರನೇ ವಯಸ್ಸಿಗೇ ಬಣ್ಣ ಹಚ್ಚಿದರು. ಊರ ದೇವರು ಚನ್ನಬಸವೇಶ್ವರನ ಹೆಸರಲ್ಲಿ 1884ರಲ್ಲಿ ಶುರುವಾಗಿದ್ದ ನಾಟಕ ಸಂಘವೇ ಅವರಿಗೆ ಪಾಠಶಾಲೆ. 1917ರಲ್ಲಿ ಕಂಪನಿ ಅವರ ಕೈಗೆ ಬಂತು.

ಯಜಮಾನರಾದರೂ ಅವರು ಗಲ್ಲಾಪೆಟ್ಟಿಗೆ ಮುಂದೆ ಕೂರಲಿಲ್ಲ. ‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಜನರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದರು. ಹೆಣ್ಣು ಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನೇ ರಂಗಕ್ಕೆ ಕರೆತಂದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದರು.

ಎಲ್ಲವೂ ಗೆಲುವಲ್ಲ. ಮೂಕಿ ಸಿನಿಮಾ ಕಾಲದಲ್ಲಿ ಚಿತ್ರ ತಯಾರಿಕೆಗೆ ಕೈ ಹಾಕಿದರು. 1932ರ ‘ಹರಿಮಾಯಾ’ ಆ ಕಾಲದ್ದು. ಆ ಚಿತ್ರಸಂಸ್ಥೆ ಹೆಚ್ಚು ದಿನ ನಡೆಯಲಿಲ್ಲ. ಆದರೂ ಸಿನಿಮಾ ಬಿಡಲಿಲ್ಲ. 1945ರಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ ಜನರ ಮನಸ್ಸು ಗೆದ್ದಿತು.

ಅವರ ನಿಜವಾದ ರೆಕಾರ್ಡ್ ಮಾತ್ರ ಶಿಷ್ಯರದ್ದು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಇದೇ ಕಂಪನಿಯ ನಟರು. ಅವರ ಮಗ ಮುತ್ತುರಾಜ ಇಲ್ಲೇ ಪಳಗಿ, ವೀರಣ್ಣನವರ ಸಂಸ್ಥೆಯೂ ಸೇರಿ ತಯಾರಿಸಿದ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದರು. ನಮ್ಮ ತಿಪಟೂರಿನ ನರಸಿಂಹರಾಜು ಅವರಿಗೂ ಅದೇ ಮೊದಲ ಚಿತ್ರ. ಮುಂದೆ ದೇಶದ ಮೊದಲ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ ಮಾಡಿದ ಜಿ.ವಿ.ಅಯ್ಯರ್ ಕೂಡ ಈ ಗರಡಿಯವರೇ.

ಎಲ್ಲಕ್ಕಿಂತ ದೊಡ್ಡ ಮಾತು ಬಿ.ವಿ.ಕಾರಂತರದ್ದು. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಓಡಿಬಂದ ಹುಡುಗ ಕಂಪನಿ ಸೇರಿದ್ದ. ಪಾತ್ರ ಮಾಡುವ, ಹಾಡುವ ಹುಡುಗನನ್ನು ಯಾವ ಯಜಮಾನರೂ ಸುಲಭಕ್ಕೆ ಬಿಟ್ಟುಕೊಡಲ್ಲ. ವೀರಣ್ಣ ಮಾತ್ರ ಅವನನ್ನು ಎಂ.ಎ. ಓದಲು ಬನಾರಸ್‌ಗೆ ಕಳಿಸಿದರು. ಆ ಹುಡುಗ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ನಿರ್ದೇಶಕರಾದರು, ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಟೀಮಿಗೆ ಆಗುವ ನಷ್ಟಕ್ಕಿಂತ ಹುಡುಗನ ಮುಂದಿನ ದಾರಿ ದೊಡ್ಡದು ಅಂತ ಕಂಡವರು ಮಾತ್ರ ಹೀಗೆ ಮಾಡಿಯಾರು.

1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1972ರಲ್ಲಿ ಪದ್ಮಶ್ರೀ ಬಂತು. ಅದೇ 1972ರಲ್ಲಿ ವೀರಣ್ಣ ತೀರಿಕೊಂಡರು. ‘ಕಲೆಯೇ ಕಾಯಕ’ ಅವರ ಆತ್ಮಕಥೆ. ರಾಜ್ಯ ಸರ್ಕಾರ ಅವರ ಹೆಸರಲ್ಲಿ ರಂಗಭೂಮಿ ಪ್ರಶಸ್ತಿ ಕೊಡುತ್ತದೆ. ತುಮಕೂರಿನ ಕಲಾಕ್ಷೇತ್ರಕ್ಕೂ ಅವರದ್ದೇ ಹೆಸರು.

ಹೆಸರಿಗಿಂತ ಹೆಚ್ಚು ಉಳಿದಿರುವುದು ಅಭ್ಯಾಸ. ಗುಬ್ಬಿ, ಕುಣಿಗಲ್ ಕಡೆ ಹಳ್ಳಿಗಳಲ್ಲಿ ಹಬ್ಬ, ಜಾತ್ರೆ ಬಂದರೆ ಈಗಲೂ ‘ಕುರುಕ್ಷೇತ್ರ’ಕ್ಕೆ ತಾಲೀಮು ಶುರುವಾಗುತ್ತೆ. ಹಗಲೆಲ್ಲ ಹೊಲ, ತೋಟದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ದುರ್ಯೋಧನ, ಭೀಮನ ಪದ ಕಲೀತಾರೆ. ಪೌರಾಣಿಕ ನಾಟಕದ ಈ ಹುಚ್ಚು ಹಿಡಿಸಿದ ಕಂಪನಿಗಳಲ್ಲಿ ಗುಬ್ಬಿಯದ್ದೇ ದೊಡ್ಡ ಹೆಸರು. ವೀರಣ್ಣನವರ ರೆಕಾರ್ಡಿಗೆ ಇವರೂ ಸೇರುತ್ತಾರೆ.