ಸ್ಲಾಲಮ್‌ನಲ್ಲಿ ಅಂದಕ್ಕೆ ಅಂಕ ಇದೆಯೇ? ಮದ್ರಾಸಿನಲ್ಲಿ ಹುಟ್ಟಿದ ಆರ್ನಾಲ್ಡ್ ಲುನ್ ಕೊಟ್ಟ ಉತ್ತರ

ಹಿಮದ ಇಳಿಜಾರಿನಲ್ಲಿ ಕಂಬಗಳ ನಡುವೆ ಹಾವಿನಂತೆ ಹೊರಳುತ್ತಾ ಇಳಿಯುವ ಸ್ಕೀ ಆಟಗಾರರ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಅದರ ಹೆಸರು ಸ್ಲಾಲಮ್. ಚೆಂದವಾಗಿ ತಿರುಗಿದವರಿಗೆ ತೀರ್ಪುಗಾರರು ಹೆಚ್ಚು ಅಂಕ ಕೊಡುತ್ತಾರೆ ಎಂದು ಹಲವರು ಅಂದುಕೊಳ್ಳುತ್ತಾರೆ. ಇದು ತಪ್ಪು. ಎಲ್ಲ ಕಂಬಗಳನ್ನೂ ಸರಿಯಾಗಿ ದಾಟಿ, ಎರಡು ಸುತ್ತು ಸೇರಿ ಕಡಿಮೆ ಸಮಯ ತೆಗೆದುಕೊಂಡವರೇ ಗೆಲ್ಲುತ್ತಾರೆ. ಆದರೆ ಒಂದು ಕಾಲದಲ್ಲಿ ಅಂದಕ್ಕೂ ಅಂಕವಿತ್ತು. ಅದನ್ನು ಬದಲಿಸಿದವರ ಬದುಕನ್ನು ನಾವು ಇಲ್ಲಿ ಹೇಳುತ್ತಿದ್ದೇವೆ.

ಮುರಿದ ಕಾಲು

ಆರ್ನಾಲ್ಡ್ ಲುನ್ ಹುಟ್ಟಿದ್ದು 1888ರ ಏಪ್ರಿಲ್ 18ರಂದು, ಹಿಮವೇ ಬೀಳದ ಮದ್ರಾಸಿನಲ್ಲಿ. ತಂದೆ ಹೆನ್ರಿ ಲುನ್ ಅಲ್ಲಿಗೆ ಮಿಷನರಿಯಾಗಿ ಬಂದಿದ್ದ ಇಂಗ್ಲಿಷ್ ವೈದ್ಯರು. ಮುಂದೆ ಅವರು ಸ್ವದೇಶಕ್ಕೆ ಮರಳಿ ಪ್ರವಾಸ ಕಂಪನಿ ಕಟ್ಟಿದರು. ಹೀಗೆ ಮಗನಿಗೆ ಆಲ್ಪ್ಸ್ ಪರ್ವತಗಳ ಪರಿಚಯವಾಯಿತು.

1909ರಲ್ಲಿ ವೇಲ್ಸ್‌ನ ಬೆಟ್ಟವೊಂದನ್ನು ಹತ್ತುವಾಗ ಆರ್ನಾಲ್ಡ್ ಕೆಳಗೆ ಬಿದ್ದರು. ಕಾಲಿನ ಮೂಳೆ ಮುರಿಯಿತು. ವಾಸಿಯಾದ ಮೇಲೂ ಆ ಕಾಲು ಗಿಡ್ಡವಾಗಿಯೇ ಉಳಿಯಿತು. ಅವರು ಸ್ಕೀ ಬಿಡಲಿಲ್ಲ.

ಗಡಿಯಾರದ ಲೆಕ್ಕ

ತಿರುವಿಗೆ ಅಂಕ ಕೊಡುವ ಪದ್ಧತಿ ಲುನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಅವರ ವಾದಕ್ಕೆ ಸರಳ ಭೌತಶಾಸ್ತ್ರದ ಬೆಂಬಲವೂ ಇದೆ. ಇಳಿಜಾರಿನಲ್ಲಿ ಗುರುತ್ವ ನಮ್ಮ ವೇಗವನ್ನು ಹೆಚ್ಚಿಸುತ್ತದೆ. ತಿರುಗುವಾಗ ಸ್ಕೀ ಪಟ್ಟಿ ಅಡ್ಡಡ್ಡ ಜಾರಿದರೆ ಹಿಮ ಚಿಮ್ಮುತ್ತದೆ. ನೋಡಲು ಅದು ಚೆಂದ, ಆದರೆ ಆ ಹಿಮವನ್ನು ಚಿಮ್ಮಿಸಲು ಖರ್ಚಾಗುವುದು ಆಟಗಾರರ ವೇಗವೇ.

1922ರ ಜನವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಮ್ಯೂರೆನ್‌ನಲ್ಲಿ ಅವರು ಜೋಡಿ ಬಾವುಟಗಳನ್ನು ನೆಟ್ಟು ಬಾಗಿಲುಗಳಂತೆ ಮಾಡಿದರು. ಅವುಗಳ ನಡುವೆ ನುಗ್ಗಿ ಬೇಗ ಕೆಳಗೆ ತಲುಪಿದವರೇ ವಿಜೇತರು. ಇಂದಿನ ಸ್ಲಾಲಮ್ ಬೆಳೆದದ್ದು ಇಲ್ಲಿಂದ.

ನಾರ್ವೆಯಂಥ ದೇಶಗಳ ಹಿರಿಯರಿಗೆ ಉದ್ದ ದಾರಿಯ ಓಟ ಮತ್ತು ಜಿಗಿತವೇ ನಿಜವಾದ ಸ್ಕೀ ಆಗಿತ್ತು. ಅವರನ್ನು ಒಪ್ಪಿಸಲು ವರ್ಷಗಳೇ ಹಿಡಿದವು. ಕೊನೆಗೆ 1931ರಲ್ಲಿ ಮ್ಯೂರೆನ್‌ನಲ್ಲೇ ಇಳಿಜಾರು ಸ್ಕೀಯ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಅದರಲ್ಲಿ ಮಹಿಳೆಯರೂ ಇದ್ದರು. ಬ್ರಿಟನ್ನಿನ ಎಸ್ಮೆ ಮೆಕಿನನ್ ಸ್ಲಾಲಮ್ ಮತ್ತು ಡೌನ್‌ಹಿಲ್ ಎರಡನ್ನೂ ಗೆದ್ದರು.

ಕಂದಹಾರ್ ಎಲ್ಲಿಂದ ಬಂತು?

ಆಲ್ಪ್ಸ್‌ನ ಹೆಸರಾಂತ ಸ್ಪರ್ಧೆಯೊಂದಕ್ಕೆ ಆರ್ಲ್‌ಬರ್ಗ್-ಕಂದಹಾರ್ ಎಂದು ಹೆಸರು. ಅದು ಅಫ್ಘಾನಿಸ್ತಾನದಲ್ಲಿ ನಡೆದದ್ದಲ್ಲ. ಕಾನ್ಪುರದಲ್ಲಿ ಹುಟ್ಟಿದ ಸೇನಾನಿ ಫ್ರೆಡರಿಕ್ ರಾಬರ್ಟ್ಸ್ 1880ರಲ್ಲಿ ಕಾಬೂಲಿನಿಂದ ಕಂದಹಾರಕ್ಕೆ ದಂಡು ನಡೆಸಿದ್ದರು. ಅವರ ಬಿರುದಿನಲ್ಲಿ ಆ ಊರು ಸೇರಿತು. 1911ರಲ್ಲಿ ಲುನ್ ಏರ್ಪಡಿಸಿದ ಸ್ಪರ್ಧೆಯ ಕಪ್ಪಿಗೆ ಅವರ ಹೆಸರಿಟ್ಟರು. ಹೆಸರು ಮುಂದೆ ಲುನ್ ಅವರ ಕ್ಲಬ್ಬಿಗೂ, ಅಲ್ಲಿಂದ ಈ ಸ್ಪರ್ಧೆಗೂ ಬಂತು.

ಓಟ ನಿಂತ ವರ್ಷ

1928ರಲ್ಲಿ ಆ ಸ್ಪರ್ಧೆಯನ್ನು ಲುನ್ ಜೊತೆ ಸೇರಿ ಶುರುಮಾಡಿದವರು ಆಸ್ಟ್ರಿಯಾದ ಸ್ಕೀ ಗುರು ಹ್ಯಾನೆಸ್ ಶ್ನೈಡರ್. 1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡು ಶ್ನೈಡರ್ ಅವರನ್ನು ಬಂಧಿಸಿದರು. ಆ ವರ್ಷದ ಸ್ಪರ್ಧೆ ಶ್ನೈಡರ್ ಅವರ ಊರಾದ ಸಾಂಕ್ಟ್ ಆಂಟನ್‌ನಲ್ಲೇ ನಡೆಯಬೇಕಿತ್ತು. ಗೆಳೆಯ ಸೆರೆಯಲ್ಲಿರುವಾಗ ಆಟ ಬೇಡ ಎಂದು ಲುನ್ ಅದನ್ನು ರದ್ದುಮಾಡಿದರು. ಮರುವರ್ಷ ಶ್ನೈಡರ್ ಅಮೆರಿಕ ಸೇರಿಕೊಂಡರು.

ಲುನ್ 1952ರಲ್ಲಿ ಸರ್ ಪದವಿ ಪಡೆದರು, 1974ರ ಜೂನ್ 2ರಂದು ತೀರಿಕೊಂಡರು. ಆಟದಲ್ಲಿ ಯಾರ ಮೆಚ್ಚುಗೆಯೂ ಬೇಡ, ಗಡಿಯಾರ ಸಾಕು ಎಂದವರು ಅವರು. ಗೆಳೆಯನಿಗೆ ಅನ್ಯಾಯವಾದಾಗ ಅದೇ ಗಡಿಯಾರವನ್ನು ನಿಲ್ಲಿಸಿದವರೂ ಅವರೇ. ಮುಂದಿನ ಸಲ ಸ್ಲಾಲಮ್ ವಿಡಿಯೊ ಬಂದಾಗ ಚಿಮ್ಮುವ ಹಿಮವನ್ನಷ್ಟೇ ನೋಡಬೇಡಿ, ಪರದೆಯ ಮೂಲೆಯಲ್ಲಿ ಓಡುವ ಸೆಕೆಂಡುಗಳನ್ನೂ ನೋಡಿ. ಅಂಕದ ಮಾತು ಯಾರಾದರೂ ಎತ್ತಿದರೆ ಈ ಕಥೆ ಕಳಿಸಿ.